ಹೆಸರು ಹೇಳಬಾರದ ಸೊಪ್ಪು

ಸುಬ್ಬಪ್ಪ ಗೌಡರ ಕಾಮಾಲೆ ಮದ್ದಿಗೆ ಗುರುವಾರ ಬೆಳಿಗ್ಗೆ ಆರಕ್ಕೇ ಅಂಗಳ ತುಂಬುತ್ತಿತ್ತು. ವಿಟ್ಲ, ಬಂಟ್ವಾಳ, ಮೂಡಬಿದಿರೆ ಕಡೆಯಿಂದೆಲ್ಲ ಜೀಪು ಮಾಡಿಕೊಂಡು ಬೆಟ್ಟದ ಬುಡದ ಆ ಮನೆಗೆ ಬರುವವರಿದ್ದರು. ಗೌಡರು ದುಡ್ಡು ಮುಟ್ಟುತ್ತಿರಲಿಲ್ಲ. ಎಂಥ ಕಾರಿನಿಂದ ಇಳಿದವರೂ ಚಪ್ಪಲಿ ಅಂಗಳದಾಚೆ ಬಿಟ್ಟು ಕೈಕಟ್ಟಿ ನಿಲ್ಲಬೇಕು, ಮದ್ದು ಯಾವುದೆಂದು ಯಾರೂ ಕೇಳಬಾರದು. ಗೌಡರಿಗೆ ಅಷ್ಟು ಸಾಕಿತ್ತು.

ಯಾವ ಮದ್ದೆಂದು ಸೊಸೆ ಪ್ರೇಮಾವತಿಗೆ ಮದುವೆಯಾದ ವಾರವೇ ಗೊತ್ತಾಗಿತ್ತು. ಮಾವ ಬಾಗಿಲು ಹಾಕಿಕೊಂಡು ಅರೆದ ಕಲ್ಲನ್ನು ತೊಳೆಯುವುದು ಅವಳ ಕೆಲಸ. ಎಲೆಯಡಿ ಸಾಸಿವೆಯಂಥ ಕಾಯಿ ಕಟ್ಟುವ ನೆಲನೆಲ್ಲಿ, ಬಚ್ಚಲ ನೀರು ಹರಿಯುವಲ್ಲೆಲ್ಲ ಬೆಳೆಯುವ ಕಳೆ. ಹನ್ನೊಂದು ವರ್ಷ ಅವಳು ಬಾಯಿ ಬಿಡಲಿಲ್ಲ. ಮನೆಯ ಮರ್ಯಾದೆ ಅಂದುಕೊಂಡಿದ್ದಳು.

ಹೋದ ಜುಲೈಯಲ್ಲಿ ಅವಳ ಎಂಟು ವರ್ಷದ ಮಗಳು ಮೋಕ್ಷಿತಾಳ ಕಣ್ಣು ಹಳದಿಯಾಯಿತು. ಗೌಡರು ಮೂರು ಬೆಳಿಗ್ಗೆ ಮದ್ದು ಕುಡಿಸಿದರು, ಉಪ್ಪು, ಎಣ್ಣೆ ಬಿಡಿಸಿದರು. ನಾಲ್ಕನೆಯ ದಿನ ಮಗು ಕುಡಿದ ನೀರನ್ನೂ ಕಕ್ಕಿತು. ಕರೆದರೆ ಗುರುತಿಲ್ಲದವರನ್ನು ನೋಡುವಂತೆ ಅಮ್ಮನನ್ನು ನೋಡಿ ಕಣ್ಣು ಮುಚ್ಚಿತು.

"ಆಸ್ಪತ್ರೆಗೆ ಹೋಗುವ," ಎಂದಳು ಪ್ರೇಮಾವತಿ.

"ಇನ್ನೆರಡು ಹೊತ್ತು ನೋಡುವ," ಎಂದರು ಗೌಡರು.

"ಎಂತ ನೋಡುವುದು ಮಾವ? ನನ್ನ ಗುರುತೇ ಸಿಗುವುದಿಲ್ಲ ಅದಕ್ಕೆ."

ಗೌಡರು ದನಿ ತಗ್ಗಿಸಿದರು. "ನನ್ನ ಮೊಮ್ಮಗಳನ್ನೇ ಆಸ್ಪತ್ರೆಗೆ ಹಾಕಿದರೆ ನಾಳೆ ಈ ಅಂಗಳಕ್ಕೆ ಯಾರು ಬರ್ತಾರೆ, ಹೇಳು."

ಪ್ರೇಮಾವತಿ ಗಂಡನ ಕಡೆ ತಿರುಗಿದಳು. ರುಕ್ಮಯ್ಯ ರಬ್ಬರ್ ಟ್ಯಾಪಿಂಗ್ ಚೂರಿಯನ್ನು ಒರೆಸುತ್ತಲೇ ಇದ್ದ. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ರಸ್ತೆಗೆ ಇಳಿದು, ಸಿಕ್ಕಿದ ಜೀಪಿನಲ್ಲಿ ಬೆಳ್ತಂಗಡಿಗೆ ಹೋದಳು.

"ನಾಲ್ಕು ದಿನ ಎಂತ ಮಾಡ್ತಿದ್ರಿ ನೀವು?" ಡಾಕ್ಟರು ಸಿಟ್ಟಿನಿಂದ ಕೇಳಿದರು.

"ಜ್ವರ ಅಂತ ಅಂದುಕೊಂಡೆ," ಎಂದಳು. ಹೇಳಿದ ಮೇಲೆ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಮಗಳು ಅಷ್ಟು ಕಂಗೆಟ್ಟು ಮಲಗಿರುವಾಗಲೂ ಬಾಯಿ ತಾನಾಗಿ ಆ ಮುದುಕನ ಮದ್ದಿನ ಗುಟ್ಟನ್ನು ಕಾಯುತ್ತಿತ್ತು.

ಒಂಬತ್ತು ದಿನ ಆಸ್ಪತ್ರೆಯಾಯಿತು. ಮಗು ಉಳಿಯಿತು. ಗೌಡರು ಒಮ್ಮೆಯೂ ಬರಲಿಲ್ಲ.

ತಾಯಿ ಮಗಳು ಮನೆಗೆ ಬಂದ ಮರುದಿನ ಗುರುವಾರ. ಅಂಗಳದಲ್ಲಿ ಜನ. ಗೌಡರು ಒಳಗಿದ್ದ ಮೋಕ್ಷಿತಾಳನ್ನು ಕರೆದು, ರೆಪ್ಪೆ ಎಳೆದು ಎಲ್ಲರಿಗೂ ತೋರಿಸಿದರು. "ನೋಡಿ, ಹಳದಿ ಉಂಟಾ? ಮೂರೇ ಹೊತ್ತು ನನ್ನ ಮದ್ದು. ಆಸ್ಪತ್ರೆಯವರು ಬರೀ ನೀರು ಏರಿಸಿದ್ದು."

ಪ್ರೇಮಾವತಿ ಬಚ್ಚಲಿನ ಹಿಂದೆ ಹೋಗಿ ಒಂದು ಹಿಡಿ ನೆಲನೆಲ್ಲಿ ಬೇರುಸಮೇತ ಕಿತ್ತು ತಂದು ಅಂಗಳದ ನಡುವೆ ಎಸೆದಳು.

"ಮದ್ದು ಇದೇ, ನೆಲನೆಲ್ಲಿ. ನಿಮ್ಮ ಮನೆಯ ಚರಂಡಿ ಬದಿಯಲ್ಲೂ ಉಂಟು. ನನ್ನ ಮಗಳು ಉಳಿದದ್ದು ಇದರಿಂದ ಅಲ್ಲ. ಮೊದಲು ಹೋಗಿ ರಕ್ತ ಪರೀಕ್ಷೆ ಮಾಡಿಸಿ."

ವಿಟ್ಲದಿಂದ ಮೊಮ್ಮಗನನ್ನು ಕರೆತಂದಿದ್ದ ಪೂವಮ್ಮ ಎಂಬ ಮುದುಕಿ ಮುಂದೆ ಬಂದಳು. ಜನ ಮಾವನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದಳು ಪ್ರೇಮಾವತಿ.

"ಹೆಸರು ಹೇಳಿಬಿಟ್ಟೆಯಲ್ಲ ಮಾರಾಯ್ತಿ," ಎಂದಳು ಪೂವಮ್ಮ. "ಇನ್ನು ಮದ್ದು ಹಿಡಿಯುತ್ತದಾ? ಎರಡು ಬಸ್ಸು ಬದಲಿಸಿ ಬಂದವರು ನಾವು."

"ಹೊಟ್ಟೆಕಿಚ್ಚು ಅಷ್ಟೇ," ಎಂದ ಹಿಂದಿನಿಂದ ಒಬ್ಬ.

ಗೌಡರು ಆ ಸೊಪ್ಪನ್ನು ಕಾಲಿನಿಂದ ಬದಿಗೆ ಸರಿಸಿದರು. "ಅದು ಕಳೆ. ನನ್ನದು ಕಾಡಿನ ಒಳಗಿನದ್ದು. ಅವಳಿಗೆ ಎಂತ ಗೊತ್ತು? ಕೂತುಕೊಳ್ಳಿ."

ಜನ ಕುಳಿತರು. ಅವರ ಮುಖದಲ್ಲಿ ಎಷ್ಟು ನೆಮ್ಮದಿಯಿತ್ತೆಂದರೆ ಪ್ರೇಮಾವತಿಗೆ ಮಾವನಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು.

"ಎಲ್ಲರೆದುರು ಹಾಗೆ ಹೇಳಬಾರದಿತ್ತು ನೀನು," ಎಂದ ರುಕ್ಮಯ್ಯ, ಊಟಕ್ಕೆ ಕೂತಾಗ. ಅವಳು ಅವನ ಬಟ್ಟಲಿಗೆ ಅನ್ನ ಬಡಿಸಿ ಎದ್ದುಹೋದಳು.

ಮುಂದಿನ ಗುರುವಾರ ಅವಳು ಬೆಳಕು ಹರಿಯುವ ಮೊದಲೇ ಹೋಗಿ ಗೇಟಿನಲ್ಲಿ ನಿಂತಳು. ಬಂದವರಿಗೆಲ್ಲ ಮಗಳ ಆಸ್ಪತ್ರೆ ಚೀಟಿ ತೋರಿಸಿದಳು. ಕೆಲವರು ಮುಖ ತಿರುಗಿಸಿದರು, ಒಬ್ಬಳು ಉಗಿದಳು. ಬಂಟ್ವಾಳದ ಇಬ್ರಾಹಿಂ ಖಲೀಲ್ ಎಂಬಾತ ಮಾತ್ರ ಚೀಟಿಯನ್ನು ಕೈಗೆ ತೆಗೆದುಕೊಂಡು ಪೂರ್ತಿ ಓದಿದ, ಸುಸ್ತಾಗಿ ಕೂತಿದ್ದ ಹೆಂಡತಿಯನ್ನೊಮ್ಮೆ ನೋಡಿದ, ಆಟೋ ತಿರುಗಿಸಿದ. ಮೂರು ವಾರದಲ್ಲಿ ಹೀಗೆ ತಿರುಗಿ ಹೋದವರು ಐದು ಮಂದಿ.

ನಾಲ್ಕನೆಯ ಗುರುವಾರ ಗೇಟಿಗೆ ಒಬ್ಬರೂ ಬರಲಿಲ್ಲ. ಆದರೂ ಅಂಗಳದಲ್ಲಿ ಮಾತು ಕೇಳುತ್ತಿತ್ತು. ಪ್ರೇಮಾವತಿ ಮನೆಯ ಹಿಂದೆ ಹೋಗಿ ನೋಡಿದಳು. ರಬ್ಬರ್ ತೋಟದ ಇಳಿಜಾರಿನಲ್ಲಿ ಹೊಸ ದಾರಿಯೊಂದನ್ನು ಕಡಿದಿದ್ದರು. ಜನ ಸಾಲಾಗಿ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದರು. ಕೆಳಗಿನ ಕೊನೆಯ ಮೆಟ್ಟಿಲನ್ನು ರುಕ್ಮಯ್ಯ ಇನ್ನೂ ಪಿಕ್ಕಾಸಿಯಲ್ಲಿ ಅಗೆಯುತ್ತಿದ್ದ. ಅವಳನ್ನು ಕಂಡು ಒಂದು ಗಳಿಗೆ ನಿಂತ, ಆಮೇಲೆ ತಲೆ ತಗ್ಗಿಸಿ ಮತ್ತೆ ಅಗೆಯತೊಡಗಿದ.

ಅವಳು ಅವನನ್ನು ದಾಟಿ, ಜನರ ಎದುರಿನಿಂದಲೇ ಮೇಲೆ ಹತ್ತಿ, ಆ ದಾರಿಯ ತಲೆಯಲ್ಲಿ ಹೋಗಿ ನಿಂತಳು.