ಮಿಲ್ಲಿನ ಹಿಂದಿನ ನರಿ

ನರಿ ಮುಖ ನೋಡಿ ಎದ್ದರೆ ಒಳ್ಳೆಯದಾಗುತ್ತದೆ ಅಂತ ಹೇಳದವರು ನಮ್ಮ ಕಡೆ ಯಾರಿದ್ದಾರೆ? ಜುಂಜಪ್ಪ ಚಿಕ್ಕಪ್ಪ ಮಾತ್ರ ಬಾಯಿಮಾತಿಗೆ ನಿಲ್ಲಲಿಲ್ಲ, ನರಿಯನ್ನೇ ತಂದು ಸಾಕಿದ. ಚೇಳೂರಿನ ಅವನ ರಾಗಿ ಮಿಲ್ಲಿನ ಹಿಂದೆ, ಬೋನಿನಲ್ಲಿ. ತೆಂಗಿನ ತೋಟದಲ್ಲಿ ಮರಿಯಾಗಿ ಸಿಕ್ಕಿದ್ದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದ. "ಹಸು ಇದ್ದಂಗೆ ಕಣೇ ಅಕ್ಷತಾ, ಬೇಕಾದ್ರೆ ಮುಟ್ಟು," ಅನ್ನುತ್ತಿದ್ದ.

ಉಮಾ ಚಿಕ್ಕಮ್ಮನಿಗೆ ಬಸಿರು ನಿಲ್ಲುತ್ತಿರಲಿಲ್ಲ. ಈ ಸಲವಾದರೂ ಮಗು ಉಳಿಯಲಿ ಅಂತ ಚಿಕ್ಕಪ್ಪ ದಿನಾ ಬೆಳಿಗ್ಗೆ ಅವಳ ಕಣ್ಣು ಮುಚ್ಚಿಸಿ, ಕೈಹಿಡಿದು ತಂದು ಬೋನಿನ ಮುಂದೆ ನಿಲ್ಲಿಸುತ್ತಿದ್ದ. ನರಿಯೋ, ಗೋಡೆ ಕಡೆ ತಿರುಗಿ ಮಲಗಿರುತ್ತಿತ್ತು. ಕೋಲಿನಿಂದ ತಿವಿದು ಅದರ ಮುಖ ತಿರುಗಿಸಿ, ಆಮೇಲೆ "ಈಗ ಕಣ್ ಬುಡು" ಅನ್ನುತ್ತಿದ್ದ.

ಬೇಸಿಗೆ ರಜೆಗೆ ಹೋಗಿದ್ದ ನನಗೆ ನರಿಯನ್ನು ನೋಡಿ ಪಾಪ ಅನ್ನಿಸಿತು. ಒಂದು ಮಧ್ಯಾಹ್ನ ಸಮಾಧಾನ ಮಾಡೋಣ ಅಂತ ಬಿಸ್ಕತ್ತು ಹಿಡಿದು ಸರಳಿನೊಳಗೆ ಕೈ ಹಾಕಿದೆ. ಬಿಸ್ಕತ್ತು ಬಿಟ್ಟು ಕೈಗೇ ಬಾಯಿ ಹಾಕಿತು. ಗುಬ್ಬಿ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಹಾಕಿಸಿಕೊಂಡು ಚಿಕ್ಕಪ್ಪನ ಜೊತೆ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಕೈ ನೋವಿಗಿಂತ, ಅದಕ್ಕೆ ನಾನೂ ಬೇಡವಾದೆನಲ್ಲ ಅನ್ನುವುದೇ ದುಃಖ.

ಮನೆಗೆ ಬಂದವನೇ ಚಿಕ್ಕಪ್ಪ ಮಚ್ಚು ತೆಗೆದುಕೊಂಡು ಬೋನಿನ ಹತ್ತಿರ ನಡೆದ. "ಹಾಲು ಕುಡಿಸಿದ ಮನೆ ಮಗೂಗೇ ಕಚ್ತಲ್ಲ ಮುಂಡೇದು. ಕಡ್ದಾಕ್ತೀನಿ."

ನಾನು ಬಾಯಿಬಡಕಿ, ಆಗಲೂ ಈಗಲೂ. "ಅದೂ ದಿನಾ ಎದ್ದು ನಿನ್ ಮುಖಾನೇ ನೋಡ್ತಿತ್ತಲ್ಲ ಚಿಕ್ಕಪ್ಪ. ಅದಕ್ಕೇನ್ ಒಳ್ಳೇದಾಯ್ತು?"

ಬಿತ್ತು ಕೆನ್ನೆಗೆ ಅಂದುಕೊಂಡೆ. ಅಷ್ಟರಲ್ಲಿ ಚಿಕ್ಕಮ್ಮ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಮೆಲ್ಲಗೆ ಕೂತು ಬೋನಿನ ಚಿಲಕ ತೆಗೆದಳು. ನರಿ ಬಾಗಿಲಲ್ಲಿ ಸ್ವಲ್ಪ ಹೊತ್ತು ಅನುಮಾನಿಸಿತು. ಆಮೇಲೆ ತೋಟದ ಕಡೆ ಓಡಿತು. ನಮಗೆ ಕಂಡದ್ದು ಬಾಲ ಮಾತ್ರ.

"ಏನೇ ಮಾಡ್ದೆ? ನಾಳೆ ಬೆಳಿಗ್ಗೆ ಯಾರ್ ಮುಖ ನೋಡ್ತೀಯ?" ಅಂದ ಚಿಕ್ಕಪ್ಪ. ಅದು ಸಿಟ್ಟಲ್ಲ, ಭಯ.

"ನಿಮ್ದೇ ನೋಡ್ತೀನಿ ಬುಡಿ."

ಚಿಕ್ಕಪ್ಪ ಮಚ್ಚನ್ನು ಗೋಡೆಗೆ ಒರಗಿಸಿ, ಅವಳ ಕೈಹಿಡಿದು ಮೇಲೆಬ್ಬಿಸಿದ.