ಬೋಟಿಗೆ ಕುರಿಗಂಟು

ಎರಡನೇ ರೊಟ್ಟಿಗೆ ನೀರು ಸವರುವಾಗ ಪುಷ್ಪಲತಾಳ ಸೆರಗನ್ನು ಯಾರೋ ಎಳೆದರು. ತಿರುಗಿ ನೋಡಿದರೆ ಮಗಳು ಗೀತಾಂಜಲಿ, ಹಿನ್ನೀರಿನ ಕಡೆ ಬೆರಳು ಚಾಚಿಕೊಂಡು ನಿಂತಿದ್ದಳು.

"ಏನವ್ವಾ? ಬಾಯಿಬಿಟ್ಟು ಹೇಳು."

ಹೇಳಲಿಲ್ಲ. ಗೀತಾ ಹಾಗೆಯೇ. ಬಾಯಾರಿದರೂ ನೀರು ಕುಡಿಯಲು ಹೋಗಲೇ ಎಂದು ಕೇಳದೆ ಶಾಲೆಯಲ್ಲಿ ಕೂತುಬಿಡುವ ಹುಡುಗಿ. ಮೋಟಾರುಬೋಟು ಮನೆಗೆ ಬಂದಾಗಿನಿಂದ ಲಂಗರಿನ ಹಗ್ಗ ಸವರುತ್ತಾಳೆ, ತಾಯಿಯ ಮುಖ ನೋಡುತ್ತಾಳೆ, ಸುಮ್ಮನಾಗುತ್ತಾಳೆ. ಲಂಗರು ತಾನೇ ನೀರಿಗೆ ಬಿಡಬೇಕೆಂಬ ಆಸೆ ಅವಳ ಬೆರಳುಗಳಲ್ಲೇ ಕಾಣುತ್ತಿತ್ತು. ಕೇಳುವ ಮೊದಲೇ ಕೊಟ್ಟರೆ ಇವಳು ಎಂದೂ ಕೇಳಲಾರಳು ಎಂದು ಪುಷ್ಪಲತಾ ಕಾಯುತ್ತಿದ್ದಳು.

ಒಲೆಯ ಕಟ್ಟಿಗೆ ಹಿಂದಕ್ಕೆಳೆದು ದಂಡೆಗೆ ಬಂದರೆ, ಬೋಟು ನೀರು ಕುಡಿಯುವ ಎಮ್ಮೆಯಂತೆ ಮೂತಿ ತಗ್ಗಿಸಿ ನಿಂತಿದೆ! ರಾತ್ರಿ ಹೊಳೆ ಬಂದು ಹಿನ್ನೀರು ಏರಿತ್ತು. ಲಂಗರು ತಳದ ಜಾಲಿ ಬೊಡ್ಡೆಗೆ ಕಚ್ಚಿಕೊಂಡಿತ್ತು. ಅದರ ಹಗ್ಗ ಮಾತ್ರ ನಿನ್ನೆ ಕಟ್ಟಿದಷ್ಟೇ ಗಿಡ್ಡವಿದ್ದು ಮೂತಿಯನ್ನು ಕೆಳಕ್ಕೆ ಜಗ್ಗುತ್ತಿತ್ತು. ಉಳಿದದ್ದನ್ನು ಗಂಡ ಜಂಬುನಾಥ ಅಂದವಾಗಿ ಸುರುಳಿ ಸುತ್ತಿ ಒಳಗಿಟ್ಟಿದ್ದ.

"ಇದ್ಯಾವ ಗಂಟು ಹಾಕೀರಿ?" ಎಂದು ದಂಡೆಯಲ್ಲಿ ನಿಂತಿದ್ದ ಅವನನ್ನು ಕೇಳಿದಳು.

"ಕುರಿಗಂಟು. ನಮ್ಮಪ್ಪ ಕಲಿಸಿದ್ದು. ಟಗರು ಜಗ್ಗಿದ್ರೂ ಬಿಚ್ಚಂಗಿಲ್ಲ."

"ನೀರು ಏರಿದ್ರ ಟಗರೂ ಏರ್ತೈತೇನು? ಬೋಟಿಗಿ ಹಗ್ಗ ಸಡಿಲ ಬಿಡಬೇಕ್ರಿ."

ಜಂಬುನಾಥ ಕುಡುಗೋಲು ತಂದ. "ಕೊಯ್ದೇ ಬಿಡ್ತೀನಿ ತಗಿ."

"ಕೊಯ್ದ್ರ ಲಂಗರ ನೀರುಪಾಲು. ಕೋಗಳಿ ಊರಿನ ಮೇಷ್ಟ್ರುಗಳು ನಮ್ಮ ಬೋಟಿನ್ಯಾಗ ಹಕ್ಕಿ ನೋಡಾಕ ಬರೋ ಹೊತ್ತಾತು. ನೀವು ಮೂತಿ ಮ್ಯಾಲ ನಿಂದರ್ರಿ."

"ಲೇ, ಮುಳುಗೋದನ್ನ ಇನ್ನಷ್ಟು ಮುಳುಗಿಸ್ತೀಯೇನು?"

"ಇಷ್ಟು ದಿನ ಉಂಡ ರೊಟ್ಟಿ ಇವತ್ತಾದ್ರೂ ಕೆಲಸಕ್ಕ ಬರ್ಲಿ."

ಅವನು ಹತ್ತಿ ನಿಂತ. ಭಾರಕ್ಕೆ ಮೂತಿ ಇನ್ನೂ ತಗ್ಗಿತು, ನೀರು ಅಂಚಿಗೆ ಬಂತು, ಬಿಗಿದಿದ್ದ ಹಗ್ಗ ಬೆರಳಷ್ಟು ಸಡಿಲವಾಯಿತು. ಪುಷ್ಪಲತಾ ತಾನೂ ಹತ್ತಿ, ಒಂದು ದೊಡ್ಡ ಮೊಳೆಯಿಂದ ಗಂಟು ಮೀಟಿದಳು. ಬಿಚ್ಚಿದ್ದೇ ತಡ ಬೋಟು ಮೇಲಕ್ಕೆ ಜಿಗಿಯಿತು, ಜಂಬುನಾಥ ಹಗ್ಗದ ಸುರುಳಿಯ ಮೇಲೆ ಕುಕ್ಕರಿಸಿದ. ದಂಡೆಯಲ್ಲಿ ಗೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನಗ್ತೀಯೇನಲೇ? ಬಾ, ಹತ್ತು," ಎಂದು ಅವನೂ ನಕ್ಕ.

ಪುಷ್ಪಲತಾ ಮೋಟಾರು ಹಚ್ಚಿ, ಬೋಟನ್ನು ಬೊಡ್ಡೆಯ ಆಚೆ ಬದಿಗೆ ಒಯ್ದು ಜಗ್ಗಿಸಿದಳು. ಲಂಗರು ಕಳಚಿ ಬಂತು. ಅದರ ಕೆಸರು ತೊಳೆದು, ಸರಪಳಿಯ ಕೊಂಡಿ ಅಲ್ಲಾಡಿಸಿ ನೋಡಿ, ಹಗ್ಗವನ್ನು ಬೋಟಿನ ಮೂತಿಯ ಎರಡು ಕಬ್ಬಿಣದ ಕೊಂಬುಗಳಿಗೆ ಇಂಗ್ಲಿಷ್ ಎಂಟರಂತೆ ಸುತ್ತಿದಳು. "ಹಿಂಗ ಸುತ್ತಿದ್ರ ಎಷ್ಟು ಬಿಗಿದ್ರೂ ಬಿಚ್ಚಾಕ ಬರ್ತೈತಿ," ಎಂದು ಗಂಡನಿಗೆ ಹೇಳಿದಳು. ಗೀತಾಳ ಬೆರಳು ಗಾಳಿಯಲ್ಲೇ ಎಂಟು ಬರೆಯಿತು.

ಮೇಷ್ಟ್ರುಗಳು ಬಂದು ಹತ್ತಿದರು, ಬೋಟು ಹೊರಟಿತು. ಮುಳುಗಿದ ಮರಗಳ ಮೇಲೆ ಕೊಕ್ಕರೆಗಳು ಕಂಡವು. ಪುಷ್ಪಲತಾ ವೇಗ ತಗ್ಗಿಸಿದಳು. ಗೀತಾಳ ಕೈ ಲಂಗರಿನ ಮೇಲಿತ್ತು. ಜಂಬುನಾಥ ಏನೋ ಹೇಳಲು ಬಾಯಿ ತೆರೆದ. ಹೆಂಡತಿ ಕಣ್ಣಲ್ಲೇ ಬೇಡವೆಂದಳು. ಮಗಳತ್ತ ನೋಡದೆ, ಹಕ್ಕಿಗಳ ಕಡೆ ಮುಖ ಮಾಡಿ ಮೋಟಾರು ಆರಿಸಿದಳು.

ಬೋಟು ಮೆಲ್ಲಗೆ ತೇಲಿತು. ಬದಿಗೆ ನೀರು ತಾಕುವ ಸದ್ದಷ್ಟೇ.

"ಅವ್ವಾ," ಎಂದಳು ಗೀತಾ, ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿ, "ಲಂಗರ ನಾ ಬಿಡ್ಲೇನು?"