ಪರದೆ ಹಿಂದಿನ ಮೈಕು

ಭಾಗ್ಯಮ್ಮನಿಗೆ ಹಾಡು ಅಂದರೆ ರೇಡಿಯೋದೊಳಗಿಂದ ಬರುವುದು, ಇಲ್ಲವೇ ಮದುವೆಮನೆಯ ಮುಂದೆ ಮರಕ್ಕೆ ಕಟ್ಟಿದ ಹಾರ್ನಿನಿಂದ ಬರುವುದು. ಅದನ್ನು ಯಾರೋ ಎಲ್ಲೋ ನಿಂತು ಹಾಡಿರುತ್ತಾರೆ ಅನ್ನುವುದು ಗೊತ್ತಿತ್ತು. ಆ ಯಾರೋ ಬೆವರುತ್ತಾರೆ, ಒಂದು ಸಾಲು ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಉಸಿರೆಳೆದುಕೊಳ್ಳುತ್ತಾರೆ, ತಾಳ ತಪ್ಪಿದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ ಎಂದು ಮಾತ್ರ ಅವಳು ಯಾವತ್ತೂ ಯೋಚಿಸಿದವಳಲ್ಲ.

ಅದನ್ನು ಅವಳಿಗೆ ತೋರಿಸಿದವಳು ಮರಿಯಮ್ಮ. ಇಬ್ಬರೂ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ಎಂಬತ್ತೊಂದನೇ ಇಸವಿಯ ಬೇಸಿಗೆಯಲ್ಲಿ, ಅಲ್ಲಿನ ಕಾರ್ಮಿಕರ ಸಂಘದವರು ಮೇ ತಿಂಗಳ ಸಂಜೆಗಳಲ್ಲಿ ಸಂಗೀತೋತ್ಸವ ಮಾಡುತ್ತಾರಂತೆ ಎಂಬ ಸುದ್ದಿ ಬಂತು. ಶೆಡ್ಡುಗಳ ನಡುವೆ ಇನ್ನೂ ಯಾರೂ ಕಟ್ಟದ ಒಂದು ಬಯಲಿತ್ತು. ಅಲ್ಲಿ ಖಾಲಿ ಎಣ್ಣೆ ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಸ್ಟೇಜು ಮಾಡಿದ್ದರು.

"ಒಂದ್ಗಳಿಗೆ ನೋಡ್ಕೊಂಡು ಹೋಗಣ ಬಾರೇ," ಅಂದಳು ಮರಿಯಮ್ಮ. "ನಿಮ್ಮನೆ ಚಿಕ್ಕಬಾಣಾವರ ಬಿಟ್ಟು ಎಲ್ಲೂ ಓಡ್ಹೋಗಲ್ಲ."

ಮೊದಲು ಸ್ಟೇಜು ಹತ್ತಿದ್ದು ವೈಟ್‌ಫೀಲ್ಡ್ ಕಡೆಯಿಂದ ಬಂದಿದ್ದ ಗಿಟಾರಿನ ಹುಡುಗರು. ಇಂಗ್ಲಿಷ್ ಹಾಡು; ಭಾಗ್ಯಮ್ಮನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಡ್ರಮ್ಮಿನ ಪೆಟ್ಟು ಕಿವಿಗೆ ಬೀಳುವ ಮೊದಲೇ ಕಾಲಕೆಳಗಿನ ನೆಲದಿಂದ ಹತ್ತಿ ಎದೆಗೂಡಿಗೆ ಬಂದು ಕೂತಿತು. ಅವಳು ಗಾಬರಿಯಿಂದ ಮರಿಯಮ್ಮನ ಕೈ ಹಿಡಿದುಕೊಂಡಳು. ರೇಡಿಯೋ ಯಾವತ್ತೂ ಹೀಗೆ ಮೈ ಮುಟ್ಟಿರಲಿಲ್ಲ. ಆಮೇಲೆ ತಮಿಳರ ಒಂದು ತಂಡ, ರೈಲ್ವೆಯವರ ಬ್ಯಾಂಡು, ಕೊನೆಗೆ ಅಲ್ಲೇ ಪೀಣ್ಯದಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವ ಶ್ಯಾಮಣ್ಣನ ಆರ್ಕೆಸ್ಟ್ರಾ. ಅವನು ಅಕಾರ್ಡಿಯನ್ನನ್ನು ಎದೆಗೆ ತಗುಲಿಸಿಕೊಂಡು, ಮಗುವನ್ನು ಆಡಿಸಿದ ಹಾಗೆ ಅದನ್ನು ಹಿಗ್ಗಿಸಿ ಕುಗ್ಗಿಸಿ ನುಡಿಸುತ್ತಿದ್ದ. ಭಾಗ್ಯಮ್ಮ ಬಸ್ಸು ತಪ್ಪಿಸಿಕೊಂಡು ನಡೆದೇ ಮನೆಗೆ ಹೋದಳು. ದಾರಿಯುದ್ದಕ್ಕೂ ಹಾಡಿದಳು.

ಅವಳು ಹಾಡುತ್ತಾಳೆ ಅನ್ನುವುದು ಕಾರ್ಖಾನೆಯಲ್ಲಿ ಅವಳ ಬೆಂಚಿನವರಿಗೆಲ್ಲ ಗೊತ್ತಿತ್ತು. ಮಾರನೆಯ ಸಂಜೆ ಮರಿಯಮ್ಮ ಶ್ಯಾಮಣ್ಣನನ್ನು ಸ್ಟೇಜಿನ ಪಕ್ಕದಲ್ಲೇ ನಿಲ್ಲಿಸಿ, "ಅಣ್ಣಾ, ಇವ್ಳ್ ಗಂಟಲು ಒಂದ್ಸಾರಿ ಕೇಳಿ," ಅಂದಳು. ಅವನು ಕೇಳಿದ. ಆಮೇಲೆ, "ಭಾನುವಾರ ದಾಸರಹಳ್ಳಿಗೆ ಬಾಮ್ಮ, ನಮ್ ಪ್ರಾಕ್ಟೀಸ್ ಅಲ್ಲೇ," ಅಂದ.

ಮುಂದಿನ ಎರಡು ಬೇಸಿಗೆ ಆ ಹಲಗೆಗಳ ಮೇಲೆ ಭಾಗ್ಯಮ್ಮ ನಿಂತಳು. ಬೆನ್ನ ಹಿಂದೆ ತಬಲ, ಪಕ್ಕದಲ್ಲಿ ಅಕಾರ್ಡಿಯನ್ನು, ಎದುರಿಗೆ ಶಿಫ್ಟ್ ಮುಗಿಸಿ ಎಣ್ಣೆ ಬಟ್ಟೆಯಲ್ಲೇ ಬಂದ ಜನ. ತಾನು ಉಸಿರೆಳೆದುಕೊಳ್ಳುವ ಜಾಗಕ್ಕೆ ಸರಿಯಾಗಿ ಶ್ಯಾಮಣ್ಣ ಒಂದೆಳೆ ಸ್ವರ ತುಂಬಿಬಿಡುತ್ತಿದ್ದ. ತನ್ನ ಉಸಿರನ್ನು ಇಷ್ಟು ಗಮನ ಕೊಟ್ಟು ಕೇಳುವ ಗಂಡಸು ಇನ್ನೊಬ್ಬ ಇರಲಾರ ಅಂದುಕೊಂಡಳು. ಅವನ ಕಡೆಯವರು ಹೆಣ್ಣು ಕೇಳಿಕೊಂಡು ಬಂದಾಗ ಅಪ್ಪ ನರಸಿಂಹಯ್ಯ, "ನಮ್ಮೋರೇ, ಕೆಲಸನೂ ಐತೆ," ಅಂದರು. ಭಾಗ್ಯಮ್ಮ ಲೆಕ್ಕ ಹಾಕಿದ್ದೇ ಬೇರೆ. ಇನ್ನು ಪ್ರಾಕ್ಟೀಸಿಗೆ ಭಾನುವಾರದವರೆಗೆ ಕಾಯುವ ಹಾಗಿಲ್ಲ, ಮನೆಯಲ್ಲೇ ಆರ್ಕೆಸ್ಟ್ರಾ.

ಮದುವೆಯಾದ ಮೇಲೆ ಅಕಾರ್ಡಿಯನ್ನು ಮಂಚದ ಕೆಳಗೆ ಇತ್ತು. ಭಾನುವಾರ ಶ್ಯಾಮಣ್ಣ ಅದನ್ನು ಹೊತ್ತುಕೊಂಡು ಒಬ್ಬನೇ ಹೊರಟ.

"ನಾನೂ ಬರ್ತೀನಿ," ಅಂದಳು ಭಾಗ್ಯಮ್ಮ.

"ಬೇಡ ಕಣೇ. ಅಮ್ಮ ಒಪ್ಪಲ್ಲ. ಸೊಸೆ ಸ್ಟೇಜ್ ಹತ್ತೋದು ಅವಳಿಗೆ ಸರಿಹೋಗಲ್ಲ. ಸ್ವಲ್ಪ ದಿನ ಹೋಗ್ಲಿ."

ಸ್ವಲ್ಪ ದಿನ ಹೋಗುತ್ತಲೇ ಇತ್ತು. ಭಾಗ್ಯಮ್ಮ ಅತ್ತೆಯ ಮೇಲೆ ಒಳಗೊಳಗೇ ಸಿಟ್ಟು ಬೆಳೆಸಿಕೊಂಡಳು. ಅವರು ನೀರು ಕೇಳಿದರೆ ಚೊಂಬನ್ನು ಕುಕ್ಕಿ ಇಡುತ್ತಿದ್ದಳು. ಮತ್ತೆ ಮೇ ತಿಂಗಳು ಹತ್ತಿರವಾದಾಗ, ಇಬ್ಬರೂ ಮೊರ ಹಿಡಿದು ರಾಗಿ ಹಸನು ಮಾಡುತ್ತಿದ್ದ ಒಂದು ಮಧ್ಯಾಹ್ನ, ಅತ್ತೆ ಲಕ್ಷ್ಮಮ್ಮನೇ ಮಾತು ತೆಗೆದರು.

"ಅದ್ಯಾಕವ್ವ ಹಾಡೋದೇ ಬಿಟ್ಬಿಟ್ಟೆ? ಮದ್ವೆಗೆ ಮುಂಚೆ ನಿನ್ ಹಾಡು ಕೇಳಕ್ಕೇ ಅಂತ ಆ ಬಯಲಿಗೆ ಬಂದಿದ್ದೆ ನಾನು."

ಭಾಗ್ಯಮ್ಮನ ಕೈಯ ಮೊರ ನಿಂತಿತು. "ನೀವೇ ಬ್ಯಾಡ ಅಂದಿದ್ದು ಅಂತ ಇವರು ಹೇಳಿದ್ರು."

"ನಾನ್ಯಾವಾಗ ಅಂದೆ?" ಮುದುಕಿ ಸೊಸೆಯ ಮುಖ ನೋಡಿದರು. ಹೇಳಿದ್ದು ಮಗ ಎಂದು ಅರ್ಥವಾದದ್ದೇ ತಲೆ ತಗ್ಗಿಸಿ ಕಲ್ಲು ಆರಿಸತೊಡಗಿದರು.

ಆ ಸಂಜೆ ಭಾಗ್ಯಮ್ಮ ಗಂಡನನ್ನು ನೇರವಾಗಿಯೇ ಕೇಳಿದಳು. ಅವನು ಶರಟಿನ ಗುಂಡಿ ಬಿಚ್ಚುತ್ತಾ, ಸಿಟ್ಟೂ ಇಲ್ಲದೆ ನಾಚಿಕೆಯೂ ಇಲ್ಲದೆ ಹೇಳಿದ. "ನಿನ್ನ ನೋಡಿ ಶಿಳ್ಳೆ ಹೊಡೀತಿದ್ರಲ್ಲ, ಅದೇ ನನ್ಮಕ್ಳೇ ನನ್ ಜೊತೆ ಶಿಫ್ಟಲ್ಲಿ ಕೆಲಸ ಮಾಡೋದು. ಆಗ ನೀನು ಯಾರೋ. ಈಗ ನನ್ ಹೆಂಡ್ತಿ."

ಅವನು ಅಷ್ಟರಲ್ಲಾಗಲೇ ಇನ್ನೊಬ್ಬ ಹುಡುಗಿಯನ್ನು ಹುಡುಕಿಕೊಂಡಿದ್ದ. ಈಶ್ವರಮ್ಮ ಅಂತ, ಅಗರಬತ್ತಿ ಹೊಸೆಯುವವರ ಮಗಳು. ಸ್ಟೇಜಿನ ಮೇಲೆ ಕುಮಾರಿ ಈಶ್ವರಿ. ತೆಳ್ಳಗೆ, ದೊಡ್ಡ ಕಣ್ಣು. ಒಂದು ದಿನ ಮನೆಗೆ ಬಂದವಳು, "ಅಕ್ಕಾ, ನಿಮ್ಮಷ್ಟು ಚೆನ್ನಾಗಿ ನಂಗೆ ಬರಲ್ಲ," ಅಂದಿದ್ದಳು. ಬರುತ್ತಿರಲಿಲ್ಲ ಅನ್ನುವುದೂ ನಿಜ. ಭಾಗ್ಯಮ್ಮ ಅವಳಿಗೆ ಕಾಫಿ ಕೊಟ್ಟು ಒಳಗೆ ಹೋದಳು.

ಉತ್ಸವದ ಸಂಜೆ ಭಾಗ್ಯಮ್ಮ ಮರಿಯಮ್ಮನ ಜೊತೆ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಇನ್ನೂ ಬೆಳಕಿತ್ತು. ರೈಲ್ವೆಯವರ ಬ್ಯಾಂಡು ನಡೆಯುತ್ತಿದ್ದಾಗ ಶ್ಯಾಮಣ್ಣ ಬಗ್ಗಿಕೊಂಡು ಬಂದು ಅವಳನ್ನು ಪಕ್ಕಕ್ಕೆ ಕರೆದ.

"ಭಾಗ್ಯ, ಈಶ್ವರಿಗೆ ಗಂಟಲು ಕಟ್ಟಿಬಿಟ್ಟಿದೆ. ಮಾತೇ ಹೊರಡ್ತಿಲ್ಲ. ನೀನು ಹಾಡ್ಬೇಕು."

ಅವಳಿಗೆ ಒಂದು ಕ್ಷಣ ಏನೂ ನೆನಪಾಗಲಿಲ್ಲ, ಅವನು ಹೇಳಿದ ಸುಳ್ಳೂ ನೆನಪಾಗಲಿಲ್ಲ. ಸೆರಗು ಸರಿಮಾಡಿಕೊಂಡು ಅವನ ಹಿಂದೆಯೇ ನಡೆದಳು. ತಲೆಯಲ್ಲಾಗಲೇ ಶ್ರುತಿ ಹಿಡಿದಿತ್ತು. ಸ್ಟೇಜಿನ ಹಿಂದೆ ಹೋದ ಮೇಲೆ ನೋಡುತ್ತಾಳೆ, ಪರದೆಗೆ ಒತ್ತಿದ ಹಾಗೆ ಒಂದು ಕಬ್ಬಿಣದ ಸ್ಟೂಲು, ಅದರ ಮುಂದೆ ಒಂದು ಮೈಕು.

"ಇಲ್ಲಿ ಕೂತ್ಕೊಂಡು ಹಾಡು. ಮುಂದೆ ಅವಳು ನಿಂತ್ಕೊಂಡು ಬಾಯಾಡಿಸ್ತಾಳೆ, ಅವಳ ಮೈಕ್ ಆಫ್ ಮಾಡಿರ್ತೀವಿ. ಯಾರ್ಗೂ ಗೊತ್ತಾಗಲ್ಲ."

ಈಶ್ವರಮ್ಮ ಅಲ್ಲೇ ನಿಂತಿದ್ದಳು, ಹೂ ಮುಡಿದುಕೊಂಡು, ಕತ್ತಿಗೆ ಕರವಸ್ತ್ರ ಸುತ್ತಿಕೊಂಡು. ಭಾಗ್ಯಮ್ಮನ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು. ಇಲ್ಲ ಅನ್ನುವುದು ಭಾಗ್ಯಮ್ಮನ ನಾಲಿಗೆಯವರೆಗೆ ಬಂತು. ಅಷ್ಟರಲ್ಲಿ ಪರದೆಯಾಚೆ ತಬಲದವನು ಸುತ್ತಿಗೆಯಿಂದ ತಟ್ಟಿ ಶ್ರುತಿ ಮಾಡಿಕೊಳ್ಳುವ ಸದ್ದು ಕೇಳಿತು. ಅವಳು ಸ್ಟೂಲಿನ ಮೇಲೆ ಕೂತಳು.

ಒಂದು ಹಾಡು ಹಾಡಿದಳು. ಅಷ್ಟು ದಿನ ಒಳಗೇ ಉಳಿದಿದ್ದ ಗಂಟಲು ಎಲ್ಲೂ ತಡೆಯದೆ ಹೊರಬಂತು. ಅವಳು ಉಸಿರೆಳೆದುಕೊಂಡ ಕಡೆ ಅಕಾರ್ಡಿಯನ್ನು ಮೊದಲಿನ ಹಾಗೆಯೇ ಬಂದು ತುಂಬಿತು. ಎದುರಿನ ಇಳಿಬಿಸಿಲಿಗೆ ಪರದೆಯ ಮೇಲೆ ಈಶ್ವರಮ್ಮನ ನೆರಳು ಕೈಯಾಡಿಸುತ್ತಿತ್ತು. ಹಾಡು ಮುಗಿದಾಗ ಬಯಲೆಲ್ಲ ಚಪ್ಪಾಳೆ ಎದ್ದು ಆ ನೆರಳು ಬಗ್ಗಿ ಕೈ ಮುಗಿಯಿತು. ಭಾಗ್ಯಮ್ಮ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಎದ್ದು ನಿಲ್ಲಬೇಕೋ ಬೇಡವೋ ತಿಳಿಯಲಿಲ್ಲ.

ಶ್ಯಾಮಣ್ಣ ಪರದೆ ಸರಿಸಿ ತಲೆ ತೂರಿಸಿದ. ಮುಖ ಅರಳಿತ್ತು. "ಸಕ್ಕತ್ತಾಗಿ ಬಂತು ಕಣೇ. ಇನ್ಮೇಲೆ ಎಲ್ಲಾ ಪ್ರೋಗ್ರಾಮಿಗೂ ಹಿಂಗೇ ಮಾಡ್ಬಿಡಣ. ನಿಂಗೂ ಹಾಡ್ದಂಗೆ ಆಯ್ತು, ನಂಗೂ ಮರ್ಯಾದೆ ಉಳೀತು."

ಅವನು ಅದನ್ನು ಪ್ರೀತಿಯಿಂದಲೇ ಹೇಳಿದ್ದ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

ಎರಡನೆಯ ಹಾಡಿನ ಪಲ್ಲವಿ ಮುಗಿಯಿತು. ಚರಣಕ್ಕೆ ಹೋಗುವ ಮುಂಚಿನ ವಾದ್ಯ ಮುಗಿದು, ದನಿ ಬರಬೇಕಾದ ಜಾಗ ಬಂದಾಗ ಭಾಗ್ಯಮ್ಮ ಬಾಯಿ ತೆರೆಯಲಿಲ್ಲ. ಸ್ಟೂಲಿನಿಂದ ಎದ್ದಳು, ಪರದೆಯ ಬದಿಯಿಂದ ಇಳಿದಳು, ಚಪ್ಪಲಿ ಹುಡುಕಿ ಹಾಕಿಕೊಂಡಳು. ಹಿಂದೆ ತಬಲ ಒಂದೇ ನಡೆಯುತ್ತಿತ್ತು. ಅಕಾರ್ಡಿಯನ್ನು ಅದೇ ಸಾಲನ್ನು ಮತ್ತೊಮ್ಮೆ ನುಡಿಸಿ ಕಾಯಿತು. ಆಮೇಲೆ ಜನ ಕೂಗತೊಡಗಿದರು. ಮೊದಲು ನಗು, ಆಮೇಲೆ ಊಳಿಡುವ ಸದ್ದು, ಆಮೇಲೆ ಶಿಳ್ಳೆ. ರಸ್ತೆ ಮುಟ್ಟುವ ಹೊತ್ತಿಗೆ ಮರಿಯಮ್ಮ ಓಡಿಬಂದಳು.

"ಆ ಹುಡುಗಿ ಮೇಲೆ ಚಪ್ಪಲಿ ಎಸೆದ್ರು ಕಣೇ," ಅಂದಳು ಏದುಸಿರಲ್ಲಿ. "ಹಣೆಗೆ ಬಿತ್ತು. ಅಲ್ಲೇ ಬಾಯಿ ಬಿಟ್ಕೊಂಡೇ ನಿಂತಿದ್ಲು, ಪಾಪ."

ಭಾಗ್ಯಮ್ಮ ಗಂಡನನ್ನು ಮಾತ್ರ ನೆನೆಸಿಕೊಂಡು ಎದ್ದುಬಂದಿದ್ದಳು. ಆ ಹುಡುಗಿ ಅವಳ ತಲೆಯಲ್ಲೇ ಇರಲಿಲ್ಲ.

ಆ ವಾರವೇ ಅವಳು ಈಶ್ವರಮ್ಮನ ಮನೆ ಹುಡುಕಿಕೊಂಡು ಹೋದಳು. ಹುಡುಗಿ ಬಾಗಿಲಲ್ಲಿ ಕೂತು ಕಡ್ಡಿಗೆ ಕರಿಯ ಹಿಟ್ಟು ಹೊಸೆಯುತ್ತಿದ್ದಳು. ಹಣೆಯ ಮೇಲೆ ಗಾಯ ಒಣಗಿತ್ತು. ಕೈ ನಿಲ್ಲಿಸಲಿಲ್ಲ, ಕೂತುಕೊಳ್ಳಿ ಅನ್ನಲಿಲ್ಲ.

"ತಪ್ಪಾಯ್ತು ಕಣಮ್ಮ," ಅಂದಳು ಭಾಗ್ಯಮ್ಮ.

"ನಿಮ್ ಸಿಟ್ಟು ನಿಮ್ ಯಜಮಾನ್ರ ಮೇಲೆ," ಅಂದಳು ಈಶ್ವರಮ್ಮ. ಕಟ್ಟಿದ್ದ ದನಿ ಈಗ ಸರಿಯಾಗಿತ್ತು. "ಅವ್ರು ಮಾರನೇ ದಿನ ಆರಾಮಾಗಿ ಕೆಲಸಕ್ಕೆ ಹೋದ್ರು. ನಾನು ಬೀದಿಗೆ ನೀರು ತರಕ್ಕೆ ಹೋದ್ರೆ ಹುಡುಗ್ರು ಬಾಯಿ ತೆಗೆದು ಮುಚ್ಚಿ ತೋರಿಸ್ತಾವೆ. ನೀವು ಮುಂದೆ ಬಂದು ನಿಂತಿದ್ರೆ ನಾನೇ ಕೆಳಗಿಳಿತಿದ್ದೆ ಅಕ್ಕ. ಯಾಕೆ ಬರ್ಲಿಲ್ಲ?"

ಮುಂದೆ ಹೋಗಿ ನಿಲ್ಲಬಹುದಿತ್ತು. ಪರದೆ ಬರೀ ಬಟ್ಟೆಯದು. ಸರಿಸಿದರೆ ಎರಡು ಹೆಜ್ಜೆ. ಎದ್ದುಹೋಗುವುದು ಹೊಳೆದಿತ್ತು, ಅದು ಹೊಳೆದಿರಲಿಲ್ಲ. ಭಾಗ್ಯಮ್ಮ ವಾಪಸು ಬಂದಳು.

ಈಶ್ವರಮ್ಮ ಮತ್ತೆ ಹಾಡಲಿಲ್ಲ. ಶ್ಯಾಮಣ್ಣ ಹೆಂಡತಿಯನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಆ ಸಂಜೆಯ ಮಾತನ್ನೇ ಎತ್ತಲಿಲ್ಲ. ಆರ್ಕೆಸ್ಟ್ರಾ ನಿಲ್ಲಲೂ ಇಲ್ಲ. ಚಂದಾಪುರದ ಕಡೆಯ ನಲ್ಲಪ್ಪ ಎಂಬ ಒಬ್ಬ ದಪ್ಪಮೀಸೆಯ ಗಂಡಸು ಹೆಣ್ಣಿನ ದನಿಯಲ್ಲಿ ಥೇಟಾಗಿ ಹಾಡುತ್ತಾನೆ ಎಂದು ಗೊತ್ತಾಗಿ ಅವನನ್ನು ಕರೆತಂದರು. ಜನರಿಗೆ ಅದು ಇನ್ನೂ ಹೆಚ್ಚು ಹಿಡಿಸಿತು. ಯುಗಳಗೀತೆಯ ಎರಡೂ ದನಿಯನ್ನು ಅವನೊಬ್ಬನೇ ಹಾಡಿದಾಗ ಬಯಲಿನಲ್ಲಿ ಒನ್ಸ್‌ಮೋರ್ ಬಿತ್ತು ಎಂದು ಶ್ಯಾಮಣ್ಣ ಊಟಕ್ಕೆ ಕೂತಾಗ ಹೇಳಿದ. ಲಕ್ಷ್ಮಮ್ಮ ಸೊಸೆಯ ಕಡೆ ನೋಡಿದರು. ಭಾಗ್ಯಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ಮೇಲೆ ಸಾರು ಬಿಟ್ಟಳು.